ಬುನಾದಿಗೊಂದು ಬುನಾದಿ

ಅಣ್ಣಿಗೇರಿ, ನವಲಗುಂದದ ಎರೆಭೂಮಿ ಕಡಲೆ, ಹತ್ತಿಗೆ ಹೇಳಿ ಮಾಡಿಸಿದ್ದು. ಮನೆ ಕಟ್ಟುವವರಿಗೆ ಮಾತ್ರ ತಲೆನೋವು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ತೆಳು ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಇಡೀ ಮನೆ ಒಂದೇ ಸಮನೆ ಏರಿಳಿದರೆ ಅಷ್ಟು ಅಪಾಯವಿಲ್ಲ. ಆದರೆ ಬಚ್ಚಲ ನೀರು ಇಂಗುವ ಮೂಲೆ ಉಬ್ಬಿ, ಮರದ ಬೇರು ತೇವ ಹೀರುವ ಮೂಲೆ ಕುಗ್ಗಿದಾಗ, ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ.

ವರ್ಷವರ್ಷವೂ ಗಿಲಾವು ಮಾಡಿಸಿದರೆ ಸೀಳು ಮರೆಯಾಗುತ್ತದೆ, ಕಾರಣ ಉಳಿಯುತ್ತದೆ. ಮೊದಲು ಸೀಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಸೀಳು ಎರೆಯ ಆಟ. ಬಚ್ಚಲ ನೀರಿಗೆ ಗಟಾರ ಮಾಡಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಫರಸಿ ಹಾಸಿದರೆ ಎಷ್ಟೋ ಮನೆಗಳಲ್ಲಿ ಅದು ಹತೋಟಿಗೆ ಬರುತ್ತದೆ.

ವರ್ಷವಿಡೀ ಅಗಲವಾಗುತ್ತಲೇ ಹೋಗುವ ಸೀಳು ಬುನಾದಿ ಕುಸಿತದ ಸೂಚನೆ. ಆಗ ಹಳೆಯ ಬುನಾದಿಯ ಕೆಳಗೆ ಹೊಸದನ್ನು ಕಟ್ಟಬೇಕಾದೀತು. ಗೋಡೆಗೆ ಆನಿಕೆ ಕೊಟ್ಟು, 3–4 ಅಡಿ ಉದ್ದದ ಗುಂಡಿಯನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿ ಕಾಂಕ್ರೀಟ್ ತುಂಬುತ್ತಾರೆ. ಕಾಂಕ್ರೀಟ್ ಆರುವಾಗ ತುಸು ಕುಗ್ಗುವುದರಿಂದ, ಮೇಲೆ 2–3 ಅಂಗುಲ ಸಂದು ಬಿಟ್ಟು, ಅದು ಗಟ್ಟಿಯಾದ ಮೇಲೆ ನೀರು ಕಡಿಮೆಯಿರುವ ಸಿಮೆಂಟ್ ಗಾರೆಯನ್ನು ಬಡಿದು ತುಂಬುತ್ತಾರೆ. ಪಕ್ಕಪಕ್ಕದ ಗುಂಡಿಗಳನ್ನು ಒಮ್ಮೆಗೇ ತೋಡಬಾರದು. ಗುಂಡಿಯ ಮೇಲಿನ ಭಾರವನ್ನು ಗೋಡೆ ಕಮಾನಿನಂತೆ ಅಕ್ಕಪಕ್ಕದ ಮಣ್ಣಿಗೆ ದಾಟಿಸುತ್ತಿರುತ್ತದೆ. ಆ ಮಣ್ಣನ್ನೂ ತೆಗೆದರೆ ಗೋಡೆ ಕೆಲಸಗಾರನ ಮೇಲೆಯೇ ಬಿದ್ದೀತು. ಮಣ್ಣಿನ ಗೋಡೆಗೆ ಈ ಶಕ್ತಿ ಇನ್ನೂ ಕಡಿಮೆ. ಎಂಜಿನಿಯರರಿಗೆ ತೋರಿಸದೆ ಇದಕ್ಕೆ ಕೈ ಹಾಕಕೂಡದು.

ಇಂಗ್ಲೆಂಡಿನಲ್ಲಿ ಜೌಗು ನೆಲದ ಮೇಲೆ ನಿಂತ ವಿಂಚೆಸ್ಟರ್ ಕೆಥೆಡ್ರಲ್ ವಾಲತೊಡಗಿದಾಗ, ತೋಡಿದ ಗುಂಡಿಗಳಲ್ಲಿ ನೀರು ತುಂಬಿತು. 1906ರಿಂದ 1911ರವರೆಗೆ ವಿಲಿಯಂ ವಾಕರ್ ಎಂಬ ಮುಳುಗುಗಾರ ಆ ಕತ್ತಲ ನೀರಿಗಿಳಿದು, ಸುಮಾರು 25,000 ಕಾಂಕ್ರೀಟ್ ಚೀಲಗಳನ್ನು ಜೋಡಿಸಿ ಅದನ್ನು ಉಳಿಸಿದ.

ಹೊಸದಾಗಿ ಕಟ್ಟುವವರಿಗೆ ಇಷ್ಟು ಪಾಡು ಬೇಕಿಲ್ಲ. ಎರೆಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ದಪ್ಪವಾದ ಕಾಂಕ್ರೀಟ್ ಕಂಬಗಳಿವೆ. ಆಳವಾದ ಎರೆಯಲ್ಲಿ ಅವು ಕನಿಷ್ಠ 3.5 ಮೀಟರ್ ಇಳಿಯಬೇಕು. ಅಷ್ಟು ಕೆಳಗೆ ಮಳೆ–ಬೇಸಿಗೆಯ ಏರಿಳಿತ ತಟ್ಟುವುದು ಕಡಿಮೆ. ಮಾಳಿಗೆಯ ಅಂದಕ್ಕೆ ತೆಗೆದಿಟ್ಟ ಹಣದಲ್ಲಿ ಒಂದಿಷ್ಟನ್ನು ನೆಲದೊಳಗೆ ಹೂತರೆ ಅದು ವ್ಯರ್ಥವಾಗದು.