ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಗಳ ಬೇಸಿಗೆ ಪೂರ್ವಸಿದ್ಧತಾ ತರಗತಿಗಳ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.

ಇವರಿಂದ,
ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಬೇಸಿಗೆ ತರಗತಿಗಳ ಬೋಧಕರು.

ವಿಷಯ: ಬೇಸಿಗೆ ತರಗತಿಗಳನ್ನು ಮಂಡಳಿಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಸೇರಿಸಿ, ವಿದ್ಯಾರ್ಥಿಗಳಿಗೆ ದಿನಗೂಲಿಗೆ ಸಮನಾದ ಭತ್ಯೆ ನೀಡುವ ಬಗ್ಗೆ.

ಮಾನ್ಯರೆ,

ಮನೆಯಲ್ಲಿ ತಮಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತದ, ಪಿಯುಸಿ ಮುಗಿಸಿ ಪದವಿಗೆ ಸೇರಲಿರುವ ಮಕ್ಕಳಿಗೆ ನಾವು ಏಪ್ರಿಲ್, ಮೇ ತಿಂಗಳಲ್ಲಿ ಪಾಠ ಹೇಳುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು, ಕೆಲವರು ನಿವೃತ್ತ ಶಿಕ್ಷಕರು. ಇದುವರೆಗೆ ಈ ತರಗತಿಗಳು ಊರವರ ಸಹಾಯದಿಂದ, ಸಿಕ್ಕ ಕೊಠಡಿಯಲ್ಲಿ, ಆದಷ್ಟು ದಿನ ನಡೆದಿವೆ. ಇಷ್ಟು ದೊಡ್ಡ ಅಗತ್ಯವನ್ನು ಯಾರದೋ ಒಳ್ಳೆಯತನದ ಮೇಲೆ ಬಿಡುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದು ಶೇ 59.56, ಯಾದಗಿರಿಯದು ಶೇ 51.83. ಮಹಿಳೆಯರ ಲೆಕ್ಕ ಇನ್ನೂ ಕೆಳಗಿತ್ತು: ರಾಯಚೂರಿನಲ್ಲಿ ನೂರಕ್ಕೆ 49ರ ಸಮೀಪ, ಯಾದಗಿರಿಯಲ್ಲಿ 41. ಈಗ ಪದವಿಗೆ ಕಾಲಿಡುತ್ತಿರುವವರು ಆಗ ಅಂಗನವಾಡಿಯ ವಯಸ್ಸಿನ ಕೂಸುಗಳು. ಆ ಗಣತಿಯಲ್ಲಿ ಅಕ್ಷರ ಬಾರದವರೆಂದು ದಾಖಲಾದ ಹೆಂಗಸರಲ್ಲಿ ಇವರ ತಾಯಂದಿರಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು ಎಂಬುದು ಮಂಡಳಿಗೆ ನಾವು ಹೇಳಿ ತಿಳಿಯಬೇಕಾದ ಸಂಗತಿಯಲ್ಲ.

ಪಿಯುಸಿ ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ. ಪದವಿ ತರಗತಿ ಶುರುವಾಗುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಈ ನಡುವಿನ ತಿಂಗಳುಗಳಲ್ಲಿ ನಾವು ಮಕ್ಕಳನ್ನು ಕಳೆದುಕೊಳ್ಳುತ್ತೇವೆ. ಬೇಸಿಗೆಯಲ್ಲಿ ಹೊಲದ ಕೆಲಸ ನಿಲ್ಲುತ್ತದೆ, ದೇವದುರ್ಗ, ಲಿಂಗಸುಗೂರು, ಸುರಪುರದ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆಗೆ ಗುಳೆ ಹೊರಡುತ್ತವೆ. ಹದಿನೆಂಟು ತುಂಬಿದ ಮಗ ಅಥವಾ ಮಗಳು ಆ ಮನೆಗೆ ಎರಡು ದುಡಿಯುವ ಕೈ. ಪಾಸಾದ ಹುಡುಗ ಇಟ್ಟಿಗೆ ಹೊರಲು ಹೋಗಿ, ಪ್ರವೇಶದ ದಿನಾಂಕ ಮುಗಿದ ಮೇಲೆ ಊರಿಗೆ ಬರುತ್ತಾನೆ. ಅಂಥವನು ಓದು ಬಿಟ್ಟ ಎಂದು ಯಾವ ದಾಖಲೆಯಲ್ಲೂ ಬರೆಯುವುದಿಲ್ಲ, ಏಕೆಂದರೆ ಅವನು ಎಲ್ಲಿಯೂ ಸೇರಿಯೇ ಇರುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ ಭತ್ಯೆಯದು. ಬೇಸಿಗೆ ತರಗತಿಗೆ ಬರುವ ಮಗು ಕೂಲಿ ಬಿಟ್ಟು ಬರುತ್ತದೆ. ಪಾಠ ಎಷ್ಟೇ ಚೆನ್ನಾಗಿರಲಿ, ಆ ಕೂಲಿಯನ್ನು ತುಂಬಿಕೊಡದೆ ತಂದೆತಾಯಿಯನ್ನು ಒಪ್ಪಿಸಲು ನಮಗೆ ಬಾಯಿ ಬರುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ 2025–26ಕ್ಕೆ ರಾಜ್ಯದಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ವಾರಕ್ಕೆ ಆರು ದಿನದಂತೆ ಆರು ವಾರ ಹಾಜರಾದ ವಿದ್ಯಾರ್ಥಿಗೆ ಇದೇ ದರದಲ್ಲಿ 13,320 ರೂಪಾಯಿ ಆಗುತ್ತದೆ. ವಿಭಾಗದ ಹತ್ತು ಸಾವಿರ ಮಕ್ಕಳಿಗೆ ಕೊಟ್ಟರೂ 13 ಕೋಟಿ 32 ಲಕ್ಷ. 2024–25ರ ಬಜೆಟ್‌ನಲ್ಲಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ. ಹೋಲಿಸಿದರೆ ನೂರು ರೂಪಾಯಿಗೆ 27 ಪೈಸೆಯೂ ಆಗುವುದಿಲ್ಲ. ಹಣವನ್ನು ವಾರಕ್ಕೊಮ್ಮೆ ವಿದ್ಯಾರ್ಥಿಯ ಖಾತೆಗೇ ಹಾಕಬೇಕು. ಕೊನೆಗೆ ಒಟ್ಟಿಗೆ ಕೊಡುತ್ತೇವೆಂದರೆ ವಾರದ ಸಂತೆಗೆ ಕೂಲಿ ನಂಬಿದ ಮನೆ ಕಾಯಲಾರದು.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ಬಡತನ ನಿವಾರಣೆಯ ಭಾಗವಾಗಿ ಆರಂಭವಾದ ‘ಅಪ್‌ವರ್ಡ್ ಬೌಂಡ್’ ಕಾರ್ಯಕ್ರಮ ಇಂದಿಗೂ ಇಂಥ ಮಕ್ಕಳಿಗೆ ಬೇಸಿಗೆಯಲ್ಲಿ ಪಾಠ ಹೇಳುತ್ತದೆ, ಅವರಿಗೆ ಸಣ್ಣ ಭತ್ಯೆ ಕೊಡಲು ಅಲ್ಲಿನ ಕಾನೂನಿನಲ್ಲೇ ಅವಕಾಶವಿದೆ. ತಂದೆತಾಯಿ ಇಬ್ಬರೂ ಪದವಿ ಮುಗಿಸಿರದಿದ್ದರೆ ಅವರ ಮಗು ಮೊದಲ ತಲೆಮಾರಿನ ವಿದ್ಯಾರ್ಥಿ ಎಂದು ಆ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಪ್ರವೇಶ ಅರ್ಜಿಗಳಲ್ಲೂ ತಂದೆ ಮತ್ತು ತಾಯಿಯ ವಿದ್ಯಾಭ್ಯಾಸದ ಒಂದು ಕಾಲಂ ಕಡ್ಡಾಯವಾಗಲಿ. ಯಾರಿಗಾಗಿ ಕೆಲಸ ಮಾಡಬೇಕೋ ಅವರು ಯಾರೆಂಬುದೇ ಗೊತ್ತಾಗದಿದ್ದರೆ ಯಾವ ಯೋಜನೆಯೂ ಗುರಿ ಮುಟ್ಟದು.

ಇನ್ನು ಈ ತರಗತಿಗಳಲ್ಲಿ ಏನು ಕಲಿಸಬೇಕೆಂಬ ಬಗ್ಗೆ. ಸೇತುಬಂಧ ತರಗತಿ ಎಂದ ಕೂಡಲೇ ಹತ್ತನೇ ತರಗತಿಯ ಗಣಿತವನ್ನು, ಇಂಗ್ಲಿಷ್ ವ್ಯಾಕರಣವನ್ನು ಮತ್ತೊಮ್ಮೆ ಒಪ್ಪಿಸುವ ಪದ್ಧತಿಯಿದೆ. ಅದು ನಮಗೆ ಒಪ್ಪಿಗೆಯಿಲ್ಲ. ಈ ಮಕ್ಕಳು ದಡ್ಡರಲ್ಲ. ಲ್ಯಾಂಪಿನ ಬೆಳಕಲ್ಲಿ, ಗದ್ದಲದ ಮನೆಯಲ್ಲಿ ಓದಿ ಪಿಯುಸಿ ದಾಟಿದವರು. ಓದಿದ ಮನೆಯ ಮಗುವಿಗೆ ಊಟದ ಹೊತ್ತಲ್ಲಿ, ಹೇಳದೆಯೇ ಸಿಗುವ ತಿಳಿವಳಿಕೆ ಇವರಿಗೆ ಸಿಕ್ಕಿಲ್ಲ ಅಷ್ಟೆ. ಇಂಟರ್ನಲ್ ಪರೀಕ್ಷೆ ತಪ್ಪಿಸಿದರೆ ಆ ಅಂಕ ಕೊನೆಯ ಪರೀಕ್ಷೆಯಲ್ಲಿ ಮರಳಿ ಬರುವುದಿಲ್ಲ ಎಂಬುದು, ಗ್ರಂಥಾಲಯದಲ್ಲಿ ಪಠ್ಯದ ಹೊರಗಿನ ಪುಸ್ತಕ ಕೇಳಬಹುದೆಂಬುದು, ಉಪನ್ಯಾಸಕರ ಕೊಠಡಿಯ ಬಾಗಿಲು ತಟ್ಟುವುದು ತಪ್ಪಲ್ಲ ಎಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ‘ಡೌಟ್ ಇದೆಯಾ?’ ಎಂದು ಕೇಳಿದರೆ ಇಡೀ ತರಗತಿ ಸುಮ್ಮನಿರುತ್ತದೆ. ಅದೇ ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಿ ಎಂದರೆ ಡಬ್ಬಿ ತುಂಬುತ್ತದೆ. ಎರಡನೇ ವಾರದಿಂದ ಬರೆದವರೇ ಎದ್ದು ಓದತೊಡಗುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಬಿ.ಎಸ್ಸಿ., ಬಿ.ಕಾಂ. ವಿದ್ಯಾರ್ಥಿಗೆ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಇರುವ ತೆಳುವಾದ ಕೈಪಿಡಿ ಬೇಕು. ಅದನ್ನು ಪಾಠ ಹೇಳುವವರೇ ಸಿದ್ಧಪಡಿಸಲಿ, ಮುದ್ರಣವನ್ನು ಮಂಡಳಿ ವಹಿಸಿಕೊಳ್ಳಲಿ.

ಕಾಗದಪತ್ರದ ಕೆಲಸವೂ ಪಾಠದ ಭಾಗವೇ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ, ಉಪವಿಭಾಗಾಧಿಕಾರಿಗಳು ಕೊಡುವ, ಸಂವಿಧಾನದ 371 ಜೆ ವಿಧಿಯ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ, ಪದವಿ ಪ್ರವೇಶದ ಯುಯುಸಿಎಂಎಸ್ ಜಾಲತಾಣದಲ್ಲಿ ನೋಂದಣಿ, ರಾಜ್ಯದ ಎಸ್‌ಎಸ್‌ಪಿ ಜಾಲತಾಣದ ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿಯಬೇಕು. ಅಂಕಪಟ್ಟಿಯ ಹೆಸರು ಆಧಾರ್ ಹೆಸರಿಗೆ ಹೊಂದದಿದ್ದರೆ ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. 98ನೇ ತಿದ್ದುಪಡಿಯಿಂದ 371 ಜೆ ವಿಧಿಯ ಮೂಲಕ ಸಂವಿಧಾನ ಕೊಟ್ಟ ಹಕ್ಕು ಒಂದು ಪ್ರಮಾಣಪತ್ರ ತಡವಾಯಿತೆಂದು ಕೈತಪ್ಪಬಾರದು. ಪ್ರತಿ ಕೇಂದ್ರಕ್ಕೆ ವಾರದಲ್ಲಿ ಒಂದು ದಿನ ಕಂದಾಯ, ಬ್ಯಾಂಕ್ ಮತ್ತು ಕಲ್ಯಾಣ ಇಲಾಖೆಗಳ ಸಿಬ್ಬಂದಿ ಬಂದು ಕುಳಿತು ಕೆಲಸ ಮುಗಿಸಿಕೊಡುವಂತೆ ಜಿಲ್ಲಾಧಿಕಾರಿಗಳಿಗೆ ಮಂಡಳಿ ಪತ್ರ ಬರೆಯಬೇಕು.

ಬೇಸಿಗೆ ರಜೆಯಲ್ಲಿ ಬಾಗಿಲು ಹಾಕುವ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ತಾಲ್ಲೂಕಿಗೆ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ತೆರೆದಿರಲಿ. ತಂದೆತಾಯಿ ಗುಳೆ ಹೋದ ಮನೆಯಲ್ಲಿ ಹುಡುಗಿಯೊಬ್ಬಳೇ ಉಳಿದು ಓದುವುದು ಆಗದ ಮಾತು. ಬಸ್ಸಿನ ವಿಷಯದಲ್ಲಿ, 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ದಾರಿ ಸಲೀಸಾಗಿದೆ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಸಿಗುವುದು ಕಾಲೇಜಿಗೆ ಸೇರಿದ ಮೇಲೆ. ಪಿಯುಸಿ ಮುಗಿಸಿ ಪದವಿಗೆ ಇನ್ನೂ ಸೇರದ ಈ ಮಧ್ಯಂತರದಲ್ಲಿ ಅವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅವರಿಗೆ ಆರು ವಾರದ ತಾತ್ಕಾಲಿಕ ಪಾಸ್ ಕೊಡುವಂತೆ ಸಾರಿಗೆ ನಿಗಮವನ್ನು ಕೋರಬೇಕು. ನಮ್ಮ ವಿಭಾಗದ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುವಂತೆ ತರಗತಿಗಳೂ ನಡೆಯಲಿ, ನಾಷ್ಟಾ ಮತ್ತು ಮಧ್ಯಾಹ್ನದ ಊಟ ಕೇಂದ್ರದಲ್ಲೇ ಸಿಗಲಿ.

ಪೋಷಕರ ಸಭೆಗಳನ್ನು ಕಾಲೇಜಿನಲ್ಲಿ ಕರೆಯುವ ಬದಲು ಸಂಜೆ ಹೊತ್ತು ಊರಲ್ಲಿ, ತಾಂಡಾದಲ್ಲಿ ನಡೆಸಲು ನಮಗೆ ಪ್ರಯಾಣವೆಚ್ಚ ಬೇಕು. ಅಲ್ಲಿ ಲಂಬಾಣಿ, ಉರ್ದು, ತೆಲುಗು ಬಲ್ಲ ಹಳೆಯ ವಿದ್ಯಾರ್ಥಿಗಳು ನಮ್ಮೊಡನೆ ಇದ್ದರೆ ಮಾತು ಮನೆಯೊಳಗೆ ಹೋಗುತ್ತದೆ. ಅವರಿಗೂ ಗೌರವಧನ ಸಲ್ಲಬೇಕು. ಅತಿಥಿ ಉಪನ್ಯಾಸಕರಿಗೆ ಬೇಸಿಗೆ ಎಂದರೆ ಗೌರವಧನವಿಲ್ಲದ ಕಾಲ, ಆದರೂ ಅವರು ಪಾಠ ಹೇಳುತ್ತಿದ್ದಾರೆ. ಅವರ ಗೌರವಧನವನ್ನು ಈ ಆರು ವಾರಗಳಿಗೆ ವಿಸ್ತರಿಸುವುದು ನ್ಯಾಯ. ಕಾಲೇಜು ಶುರುವಾದ ಮೇಲೆ ಮೊದಲ ಇಂಟರ್ನಲ್ ಮುಗಿಯುವ ತನಕ ಅದೇ ಬೋಧಕರು ತಮ್ಮ ಮಕ್ಕಳನ್ನು ವಾರಕ್ಕೊಮ್ಮೆ ಕಾಣುವ ಏರ್ಪಾಡೂ ಆಗಬೇಕು.

2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದೆರಡು ವಿಷಯ ಉಳಿಸಿಕೊಂಡವರನ್ನೂ ಈ ತರಗತಿಗಳಿಗೆ ಸೇರಿಸಿಕೊಳ್ಳಲು ಅನುಮತಿ ಕೊಡಿ.

ಮಂಡಳಿಯು ‘ಅಕ್ಷರ ಆವಿಷ್ಕಾರ’ ಯೋಜನೆಯ ಮೂಲಕ ಶಿಕ್ಷಣಕ್ಕೆ ಆದ್ಯತೆ ಕೊಟ್ಟಿರುವುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಅದರಡಿಯಲ್ಲೇ ಈ ಕಾರ್ಯಕ್ರಮಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಮೊದಲ ವರ್ಷ ರಾಯಚೂರು ಮತ್ತು ಯಾದಗಿರಿಯಲ್ಲಿ, ಮುಂದೆ ಏಳೂ ಜಿಲ್ಲೆಗಳಲ್ಲಿ ಜಾರಿಗೊಳಿಸಬೇಕು. ಫಲಿತಾಂಶ ಬಂದ ಮೇಲೆ ಆದೇಶ ಹೊರಟರೆ ಅಷ್ಟರಲ್ಲಿ ಮಕ್ಕಳು ಗುಳೆ ಹೋಗಿರುತ್ತಾರೆ. ಹೀಗಾಗಿ ಮಾರ್ಚ್ ತಿಂಗಳೊಳಗೆ ಆದೇಶ ಹೊರಡಿಸಬೇಕೆಂದು, ಅದಕ್ಕೂ ಮುನ್ನ ನಮ್ಮ ನಿಯೋಗಕ್ಕೆ ಭೇಟಿಯ ಅವಕಾಶ ನೀಡಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೇಸಿಗೆ ಪೂರ್ವಸಿದ್ಧತಾ ತರಗತಿಗಳ ಬೋಧಕರು,
ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು