ಮಾಡಿನಲ್ಲಿ ಕಳೆದುಹೋಗುತ್ತಿದ್ದ ತಂಪು



ಜತ್ತ ತಾಲೂಕಿನ ಬೇಸಿಗೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ; ಕಾಣದವರಿಗೆ ಎಷ್ಟು ಹೇಳಿದರೂ ಅರಿವಾಗದು. ಮಳೆಯ ನೆರಳಿನ ಈ ನೆಲದಲ್ಲಿ ಚೈತ್ರ ಕಳೆಯುವ ಮೊದಲೇ ಕಲ್ಲು ಕಾದು ಕೆಂಡವಾಗುತ್ತದೆ. ನಮ್ಮ ಹಿರಿಯರು ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೋ ಪಂಢರಪುರಕ್ಕೋ ಹೊರಟರೆ, ಕೊಲ್ಲಾರಿ ಬಂಡಿಯ ಚಾಪೆಗೆ ನೀರು ಚಿಮುಕಿಸಿಕೊಂಡು, ಬಿಸಿಲೇರುವ ಮುನ್ನವೇ ಯಾವುದಾದರೂ ಬೇವಿನ ನೆರಳು ಸೇರುತ್ತಿದ್ದರು. ಅವರ ಮೊಮ್ಮಕ್ಕಳು ಈಗ ಗಾಜು ಮುಚ್ಚಿದ ಮೋಟಾರಿನಲ್ಲಿ ಕುಳಿತು, ಮಾಡಿನ ಮೇಲಿನ ಯಂತ್ರವನ್ನು ನಂಬಿ ನಡುಹಗಲಿನಲ್ಲಿಯೇ ಹೊರಡುತ್ತಾರೆ. ಆ ನಂಬಿಕೆ ಕೈಕೊಟ್ಟಾಗ ಏನಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆನಾದ್ದರಿಂದ ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನನ್ನ ಸೋದರಳಿಯ ದಾಳಿಂಬೆಯ ರೈತ. ನಮ್ಮ ಕಡೆ ‘ತೇಲ್ಯಾ’ ಎಂದು ಕರೆಯುವ ದುಂಡಾಣು ರೋಗ ಎರಡು ವರ್ಷ ಬಿಡದೆ ತೋಟವನ್ನು ತಿಂದ ಮೇಲೆ, ಅರ್ಧ ಗಿಡ ಕಡಿದು, ಬ್ಯಾಂಕಿನ ಸಾಲದಿಂದ ಹಳೆಯದೊಂದು ಟೆಂಪೋ ಟ್ರಾವೆಲರ್ ಕೊಂಡನು. ನೋಂದಣಿ ಕಚೇರಿಯ ಒಪ್ಪಿಗೆ ಪಡೆದು, ಒಳಗೆ ಎರಡು ಹಾಸಿಗೆ, ಪುಟ್ಟ ಒಲೆ, ನೀರಿನ ತೊಟ್ಟಿ, ಮಾಡಿನ ಮೇಲೆ ಹವಾನಿಯಂತ್ರಣ ಯಂತ್ರ ಕೂಡಿಸಿ, ಅದನ್ನು ಮನೆಯಂತೆ ಮಾಡಿಸಿದನು. ಕುಟುಂಬ ಸಮೇತ ಯಾತ್ರೆ ಹೋಗುವವರಿಗೆ ಬಾಡಿಗೆಗೆ ಕೊಡುವುದು ಅವನ ಯೋಜನೆ. ಇದೇನೂ ಹುಚ್ಚು ಸಾಹಸವಲ್ಲ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಇಂಥ ‘ಕ್ಯಾರವಾನ್’ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಒಪ್ಪಿತು. ಅದೇ ವರ್ಷ ಕೇರಳವೂ ಅದೇ ಹಾದಿ ಹಿಡಿಯಿತು.

ಹೋದ ವೈಶಾಖದಲ್ಲಿ ಅವನು ತನ್ನ ತಾಯಿಯನ್ನು, ಅಂದರೆ ನಮ್ಮ ಅಕ್ಕನನ್ನು, ಕೂಡಲಸಂಗಮಕ್ಕೆ ಕರೆದೊಯ್ದನು. ಅಕ್ಕನಿಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡವೂ ಉಂಟು. ವಿಜಯಪುರ ದಾಟುವಾಗ ಗಂಟೆ ಒಂದು. ಯಂತ್ರ ಗುಡುಗುತ್ತಲೇ ಇತ್ತು. ಆದರೆ ಹಿಂದಿನ ಹಾಸಿಗೆಯ ಮೇಲೆ ಗಾಳಿಯೇ ಇಲ್ಲ. “ಯಪ್ಪಾ, ಇದು ಗಾಡಿ ಅಲ್ಲೋ, ರೊಟ್ಟಿ ಹಂಚು ಆಗೇತಿ” ಎಂದು ಎರಡು ಸಲ ಅಂದ ಅಕ್ಕ ಮೂರನೆಯ ಸಲ ಮಾತಾಡಲಿಲ್ಲ. ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಎಚ್ಚರ ತಪ್ಪಿದ್ದರು. ರಸ್ತೆ ಬದಿಯ ಧಾಬಾದವರು ಹಸಿ ಬಟ್ಟೆ ಹೊದಿಸಿ, ಬೀಸಣಿಗೆ ಹಾಕಿ, ಆಸ್ಪತ್ರೆಗೆ ಸಾಗಿಸಲು ನೆರವಾದರು. ಎರಡು ದಿನ ಸಲಾಯಿನ್ ಹಚ್ಚಿಸಿಕೊಂಡು ಅಕ್ಕ ಮನೆಗೆ ಮರಳಿದರು. ಆ ಧಾಬಾದವರ ಋಣ ನಮ್ಮ ಮನೆತನದ ಮೇಲಿದೆ.

ಆಮೇಲೆ ರಿಪೇರಿಯ ಕಥೆ. ಒಬ್ಬ ಮೆಕ್ಯಾನಿಕನು “ಗ್ಯಾಸ್ ಕಡಿಮಿ ಆಗೇತಿ” ಎಂದು ಹಣ ಪಡೆದನು. ಇಂಥ ಮಾಡಿನ ಯಂತ್ರಗಳಲ್ಲಿ ಹೆಚ್ಚಿನವುಗಳ ಗ್ಯಾಸನ್ನು ಕಾರಖಾನೆಯಲ್ಲಿಯೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಅದು ಡೀಸೆಲ್ಲಿನಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರಿದ ಜಾಗವನ್ನು ತೋರಿಸದೆ ತುಂಬಿಸುವವನ ಮಾತನ್ನು ನಂಬುವುದು ಹೇಗೆ? ಇನ್ನೊಬ್ಬನು ಇಡೀ ಯಂತ್ರವನ್ನೇ ಬದಲಿಸಬೇಕೆಂದು 80,000 ರೂಪಾಯಿಯ ಅಂದಾಜು ಕೊಟ್ಟನು. ಅತ್ತ ಬ್ಯಾಂಕಿನ ಕಂತು, ಇತ್ತ ಮುಂಗಡ ಮರಳಿ ಕೇಳುವ ಯಾತ್ರಿಕರು. “ಮಾಮಾ, ಮಾರಿ ಬಿಡತೀನಿ. ಅವ್ವನ್ನ ಕಳಕೊಳ್ಳೂದು ಒಂದ ಉಳದಿತ್ತು” ಎಂದು ಅಳಿಯ ನನ್ನ ಮುಂದೆ ತಲೆ ತಗ್ಗಿಸಿ ಕುಳಿತನು.

ನಾನು ಹೇಳಿದ್ದು ಇಷ್ಟೇ: ತೋಟದ ಕೊನೆಯ ಸಾಲಿಗೆ ಹನಿ ನೀರು ಮುಟ್ಟದಿದ್ದರೆ ನೀನು ಮೊದಲು ಪಂಪು ಬದಲಿಸುತ್ತೀಯೋ, ಪೈಪು ನೋಡುತ್ತೀಯೋ?

ಅವನಿಗೆ ತಿಳಿಯಿತು. ಮರುದಿನವೇ ಮೂರು ಅಗ್ಗದ ಉಷ್ಣಮಾಪಕ ತಂದು ಗಾಡಿಯಲ್ಲಿಟ್ಟೆವು. ಯಂತ್ರ ಅರ್ಧ ಗಂಟೆ ನಡೆದ ಮೇಲೆ ಅದರ ಪಕ್ಕದ ಕಿಂಡಿಯಲ್ಲಿ 19 ಡಿಗ್ರಿ. ಹಾಸಿಗೆಯ ಮೇಲಿನ ಕೊನೆಯ ಕಿಂಡಿಯಲ್ಲಿ 28. ಯಂತ್ರವು ಕೋಣೆಯ ಗಾಳಿಯನ್ನು ಒಳಗೆಳೆದುಕೊಳ್ಳುವ ಬಾಯಿಯಲ್ಲಿಯೂ 28. ಆದರೆ ಹಾಸಿಗೆಯ ಮೇಲೆ 35! ಕೋಣೆಯ ಗಾಳಿ 35 ಇರುವಾಗ ಒಳಗೆ ಹೋಗುವ ಗಾಳಿ 28 ಆದದ್ದು ಹೇಗೆ? ಯಂತ್ರ ತಾನು ಮಾಡಿದ ತಂಪನ್ನು ತಾನೇ ನುಂಗುತ್ತಿತ್ತು. ಸುಸ್ಥಿತಿಯ ಯಂತ್ರ ಒಳಗೆಳೆದ ಗಾಳಿಯನ್ನು ಸುಮಾರು 8ರಿಂದ 11 ಡಿಗ್ರಿ ಇಳಿಸಿ ಬಿಡುತ್ತದೆ. ಇದು 9 ಇಳಿಸುತ್ತಿತ್ತು. ಅಂದಮೇಲೆ ದೋಷ ಯಂತ್ರದ್ದಲ್ಲ, ಗಾಳಿಯ ದಾರಿಯದು.

ವಿದ್ಯುತ್ತಿನ ಸಂಬಂಧ ಪೂರ್ತಿ ಕಡಿದು, ಜನರೇಟರನ್ನೂ ನಿಲ್ಲಿಸಿ, ಒಳಗಿನ ಜಾಲರಿಯ ಸ್ಕ್ರೂ ಬಿಚ್ಚಿದೆವು. (ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ತಂತಿಗಳಿರುವ ಪೆಟ್ಟಿಗೆಗೆ ಕೈ ಹಾಕುವ ಕೆಲಸ ತಿಳಿದವರದು, ನಮ್ಮದಲ್ಲ.) ಬ್ಯಾಟರಿ ಹಿಡಿದು ನೋಡಿದಾಗ ಇಡೀ ಗುಟ್ಟು ಕಣ್ಣೆದುರಿಗೆ ಬಂತು. ಯಂತ್ರದ ಬಾಯಿಗೂ ಮಾಡಿನೊಳಗಿನ ಡಕ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ತಂಪಿನ ಬಹುಪಾಲು ಡಕ್ಟಿಗೆ ಹೋಗದೆ ಮೇಲಿನ ತಗಡಿಗೂ ಕೆಳಗಿನ ಪ್ಲೈವುಡ್ಡಿಗೂ ನಡುವಿನ ಪೊಳ್ಳಿನಲ್ಲಿ ಹರಡಿ, ಕಾದ ತಗಡನ್ನು ತಣಿಸುವ ವ್ಯರ್ಥ ಕಾರ್ಯದಲ್ಲಿ ತೊಡಗಿತ್ತು. ಎರಡನೆಯದಾಗಿ, ಗಾಳಿ ಒಳಬರುವ ಭಾಗವನ್ನೂ ಹೊರಹೋಗುವ ಭಾಗವನ್ನೂ ಬೇರ್ಪಡಿಸುವ ಥರ್ಮಾಕೋಲಿನ ಗೋಡೆ ಕಳಚಿ ವಾಲಿತ್ತು. ಅದನ್ನು ಹಿಡಿದಿದ್ದ ಬಟ್ಟೆಯ ಟೇಪು ಒಣಗಿ ಹಪ್ಪಳವಾಗಿತ್ತು. ಈ ಗೋಡೆ ಬಿದ್ದರೆ ಹಾನಿ ಇಮ್ಮಡಿ: ತಣ್ಣನೆಯ ಗಾಳಿ ಒಳಬಾಯಿಗೆ ನುಗ್ಗಿ, ಕೋಣೆ ತಂಪಾಯಿತೆಂದು ಥರ್ಮೋಸ್ಟಾಟ್ ಭ್ರಮಿಸಿ ಯಂತ್ರವನ್ನು ನಿಲ್ಲಿಸೀತು, ಇಲ್ಲವೆ ಒಳಗಿನ ಸುರುಳಿಯ ಮೇಲೆ ಹಿಮಗಟ್ಟಿ ಇದ್ದ ಗಾಳಿಯೂ ನಿಂತೀತು.

ಟೇಪಿನ ಮಾತು ಬಂದುದರಿಂದ ಒಂದು ವಿಷಯ. ಅಂಗಡಿಯಲ್ಲಿ ‘ಡಕ್ಟ್ ಟೇಪ್’ ಎಂದು ಮಾರುವ ಬಟ್ಟೆಯ ಟೇಪು ಡಕ್ಟಿಗೇ ಒಗ್ಗುವುದಿಲ್ಲವೆಂಬುದು ವಿಚಿತ್ರವಾದರೂ ಸತ್ಯ. ಅಮೆರಿಕೆಯ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 1998ರಲ್ಲಿ ಹಲವು ಬಗೆಯ ಅಂಟುಗಳನ್ನು ಬಿಸಿಗೂ ತಂಪಿಗೂ ಒಡ್ಡಿ ಪರೀಕ್ಷಿಸಿದಾಗ ಬೇಗನೆ ಸೋತದ್ದು ಈ ಬಟ್ಟೆಯ ಟೇಪೇ. ಆದ್ದರಿಂದ ಅಲ್ಯುಮಿನಿಯಂ ಫಾಯಿಲಿನ ಟೇಪನ್ನೇ ಕೇಳಿ ಕೊಳ್ಳಬೇಕು.

ಕೆಲಸ ಒಂದು ಹಗಲಿನದು. ಸಂದಿನ ಅಂಚುಗಳ ಧೂಳನ್ನು ಒರೆಸಿ, ಸ್ಪಿರಿಟ್ ಹಚ್ಚಿದ ಅರಿವೆಯಿಂದ ಜಿಡ್ಡು ತೆಗೆದು, ಒಣಗಲು ಬಿಟ್ಟೆವು. ಇಲ್ಲಿ ಅವಸರಿಸಿದರೆ ಟೇಪು ಧೂಳಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಫಾಯಿಲ್ ಹೊದಿಸಿದ ಗಟ್ಟಿ ಫೋಮಿನ ಹಲಗೆಯನ್ನು ಅಳತೆಗೆ ಕತ್ತರಿಸಿ ನಡುಗೋಡೆ ಕಟ್ಟಿ, ಅದರ ನಾಲ್ಕೂ ಅಂಚಿಗೆ ಟೇಪು ಹಚ್ಚಿದೆವು. ಯಂತ್ರದ ಬಾಯಿಂದ ಡಕ್ಟಿನವರೆಗಿನ ಸಂದನ್ನು ಅದೇ ಹಲಗೆಯ ಪಟ್ಟಿಗಳಿಂದ ಮುಚ್ಚಿ, ಮೇಲೆ ಟೇಪು ಹಾಕಿ, ಚಮಚೆಯ ಬೆನ್ನಿನಿಂದ ಸುಕ್ಕು ಉಳಿಯದಂತೆ ತೀಡಿದೆವು. ಪ್ರತಿ ಕಿಂಡಿಯ ಕುತ್ತಿಗೆಯ ಸುತ್ತಲೂ ಇದೇ ಉಪಚಾರ. ಕೊನೆಯ ಕಿಂಡಿಯ ಆಚೆಗೂ ಡಕ್ಟ್ ಮೂರು ಅಡಿ ಸುಮ್ಮನೆ ಮುಂದುವರಿದಿತ್ತು. ಕುರುಡು ಓಣಿಯಂಥ ಆ ಭಾಗವನ್ನೂ ಮುಚ್ಚಿದೆವು. ಸುರುಳಿಯಿಂದ ಇಳಿಯುವ ನೀರಿನ ದಾರಿಗೆ ಮಾತ್ರ ಟೇಪು ತಾಗದಂತೆ ಎಚ್ಚರ ವಹಿಸಿದೆವು. ಅದು ಮುಚ್ಚಿದರೆ ನೀರು ಹಾಸಿಗೆಯ ಮೇಲೆಯೇ ಇಳಿಯುತ್ತದೆ.

ಜಾಲರಿ ಕೂಡಿಸಿ, ಫ್ಯಾನು ಹಚ್ಚಿ, ಕಿಟಕಿಗಳನ್ನು ಮುಚ್ಚಿ ಅಳಿಯ ಊದಿನಕಡ್ಡಿ ಹಿಡಿದು ಮಾಡಿನ ಕೀಲುಗಳ ಉದ್ದಕ್ಕೂ ನಡೆದನು, ತೋಟದಲ್ಲಿ ಹನಿ ಪೈಪಿನ ಜೊತೆ ನಡೆಯುವಂತೆಯೇ. ದೀಪದ ಬಳಿ ಒಂದು ಕಡೆ ಹೊಗೆ ಅಡ್ಡ ಓಡಿತು. ಅಲ್ಲಿಯೂ ಒಂದು ಸಂದು! ಅದನ್ನೂ ಮುಚ್ಚಿದ ಮೇಲೆ, ಹೊರಗೆ 40 ಡಿಗ್ರಿ ಇದ್ದ ಮಧ್ಯಾಹ್ನ ಹಾಸಿಗೆಯ ಮೇಲೆ 27 ಬಂತು. ಖರ್ಚು ಎಲ್ಲ ಕೂಡಿ 1,150 ರೂಪಾಯಿ.

ಗಾಡಿ ಮಾರುವ ಮಾತು ಸದ್ಯಕ್ಕೆ ನಿಂತಿದೆ. ಅಕ್ಕ ಮಾತ್ರ ಅದನ್ನು ಹತ್ತಲು ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಗುಡ್ಡಾಪುರದ ಹೆಸರು ಹೇಳಿದ ಮೇಲೆ, ಬೆಳಗಿನ ಐದಕ್ಕೆ ಹೊರಟು ಹತ್ತರೊಳಗೆ ಮನೆ ಸೇರಬೇಕೆಂಬ ಕರಾರಿನ ಮೇಲೆ ಹತ್ತಿದರು. ಕೈಯಲ್ಲಿ ಬೀಸಣಿಗೆ ಇತ್ತು. ಹಿಂದಿನ ಹಾಸಿಗೆಯ ಪಕ್ಕ ಈಗ ಒಂದು ಉಷ್ಣಮಾಪಕವನ್ನು ಖಾಯಮ್ಮಾಗಿ ತೂಗುಹಾಕಲಾಗಿದೆ. 32 ದಾಟಿದರೆ ಗಾಡಿ ನೆರಳಿಗೆ ನಿಲ್ಲಬೇಕೆಂದು ಅಳಿಯ ತನ್ನ ಡ್ರೈವರನಿಗೆ ಕಟ್ಟಪ್ಪಣೆ ಮಾಡಿದ್ದಾನೆ.