ಮೊದಲು ಯಾವುದು, ಆಮೇಲೆ ಯಾವುದು?

ಅಕ್ಕ-ತಂಗಿಯರೇ, ಅಗಸಿ ಹಿಂಡಿ ಮಾಡುವ ವಿಧಾನ ಬರೆದಿದ್ದೆನಲ್ಲ, ಅದನ್ನು ಓದಿದ ಸಿಂದಗಿಯ ತಂಗಿಯೊಬ್ಬಳು "ಇದನ್ನೆಲ್ಲ ನಿಮ್ಮ ಸಂಘದಿಂದ ಯಾಕೆ ಮಾರಬಾರದು?" ಎಂದು ಕಾಗದ ಬರೆದು ಕೇಳಿದ್ದಾಳೆ. ಮಾರಲು ಹೋಗಿ ಒಮ್ಮೆ ಕೈ ಸುಟ್ಟುಕೊಂಡವರು ನಾವು. ಆ ಕಥೆಯನ್ನೇ ಈ ಸಲ ಹೇಳಿಬಿಡುತ್ತೇನೆ.

ನಮ್ಮದು ಇಂಡಿಗೆ ಹತ್ತಿರದ ಹಳ್ಳಿ. 2000-01 ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದ ಮೇಲೆ ಊರೂರಿಗೂ ಸಂಘಗಳಾದವು. ನಮ್ಮ ಸಂಘದಲ್ಲಿ ಹದಿನಾರು ಮಂದಿ. ವಿಚಾರಗಳಿಗೇನೂ ಬರಗಾಲವಿಲ್ಲ. ಮುದ್ದೇಬಿಹಾಳದಿಂದ ಬಂದ ಸೊಸೆಗೆ ಶೇಂಗಾ ಹೋಳಿಗೆ ಮಾರಬೇಕು, ಬಸವನ ಬಾಗೇವಾಡಿಯವಳಿಗೆ ಖಡಕ್ ರೊಟ್ಟಿ, ಊರಿನವರಿಗೆ ಲಿಂಬೆಕಾಯಿ ಉಪ್ಪಿನಕಾಯಿ. ಇಂಡಿಯ ಲಿಂಬೆ ಬಿಟ್ಟು ಮತ್ತೇನು ಮಾರುತ್ತೀರಿ ಎಂದು ಅವರ ವಾದ. ನನ್ನದು ಕೌದಿ. ಹಳೇ ಸೀರೆ ಸೇರಿಸಿ ಕೌದಿ ಹೊಲಿದರೆ ಪಟ್ಟಣದವರು ಮುಗಿಬೀಳುತ್ತಾರೆ ಎಂದು ನನಗೆ ಬಲವಾದ ನಂಬಿಕೆ.

ಯಾರ ಮನಸ್ಸೂ ನೋಯಬಾರದೆಂದು ಹೋದ ವರ್ಷ ಎಲ್ಲವನ್ನೂ ಒಮ್ಮೆಗೇ ಹಿಡಿದೆವು. ಉಳಿತಾಯದಿಂದ ಇಪ್ಪತ್ತು ಸಾವಿರ ರೂಪಾಯಿ ತೆಗೆದು ನಾಲ್ಕು ಕಡೆ ಹಂಚಿದೆವು. ಹೋಳಿಗೆಗೆ ಬೂಸು ಬಂತು. ಉಪ್ಪಿನಕಾಯಿ ಮಾಗುವ ಮುಂಚೆಯೇ ಬಾಟಲಿಗೆ ಹಾಕಿ ಕಳಿಸಿದ್ದಕ್ಕೆ ಕಹಿ ಎಂದು ವಾಪಸು ಬಂತು. ಒಂದೇ ಕೌದಿ ಮುಗಿಯಲು ತಿಂಗಳು ಹಿಡಿಯಿತು. ಕೇಳಿಕೊಂಡು ಬಂದಿದ್ದು ರೊಟ್ಟಿಯನ್ನು ಮಾತ್ರ, ಆದರೆ ರೊಟ್ಟಿಗೆ ಹಿಟ್ಟು ತರಲು ರೊಕ್ಕ ಉಳಿದಿರಲಿಲ್ಲ. ನಮ್ಮಲ್ಲೊಬ್ಬಳಿದ್ದಾಳೆ, ಗಂಡನಿಲ್ಲ, ಇಬ್ಬರು ಮಕ್ಕಳು. ಸಂಘದ ಕೂಲಿ ನಂಬಿ ಹೊಲದ ಕೆಲಸ ಬಿಟ್ಟು ಬಂದಿದ್ದಳು. ಆಕೆಗೆ ಒಂದು ತಿಂಗಳ ಕೂಲಿ ಕೊಡಲು ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೀಪಾವಳಿಗೆ ಮಗಳು ಬೆಂಗಳೂರಿನಿಂದ ಬಂದಳು. ಸಾಫ್ಟ್‌ವೇರ್ ಕೆಲಸ, ಮನೆಯಲ್ಲೂ ಲ್ಯಾಪ್‌ಟಾಪ್ ಬಿಡುವುದಿಲ್ಲ. ನನ್ನ ಗೋಳು ಕೇಳಿ, "ಅವ್ವಾ, ನಿಮಗ ವಿಚಾರ ಕಡಿಮಿ ಇಲ್ಲ. ಬ್ಯಾಕ್‌ಲಾಗ್ ಇಲ್ಲ ಅಷ್ಟ" ಅಂದಳು. ಬ್ಯಾಕ್‌ಲಾಗ್ ಅಂದರೆ ಕಾಲೇಜಿನಲ್ಲಿ ಪಾಸಾಗದೆ ಉಳಿದ ವಿಷಯ ಎಂದಷ್ಟೇ ನನಗೆ ಗೊತ್ತು. ಅದು ಇಲ್ಲದಿದ್ದರೆ ಒಳ್ಳೆಯದೇ ಅಲ್ಲವೇ?

ಅವಳು ನಕ್ಕು ಬಿಡಿಸಿ ಹೇಳಿದಳು. 2001 ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಮಂದಿ ಸಾಫ್ಟ್‌ವೇರ್‌ನವರು ಕೂಡಿ ಒಂದು ಘೋಷಣೆ ಬರೆದರಂತೆ. ಆ ರೀತಿಯ ಕೆಲಸಕ್ಕೆ 'ಅಜೈಲ್' ಎಂದು ಹೆಸರು. ಆ ಹದಿನೇಳು ಮಂದಿಯಲ್ಲಿದ್ದ ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವೇಬರ್ ಅವರು ಬೆಳೆಸಿದ 'ಸ್ಕ್ರಮ್' ಪದ್ಧತಿಯಲ್ಲಿ, ಮಾಡಬೇಕಾದ ಕೆಲಸಗಳೆಲ್ಲ ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೊಂದು ಇರಬೇಕು. ಅದೇ ಬ್ಯಾಕ್‌ಲಾಗ್. ಎರಡು ಕೆಲಸ ಒಂದೇ ಮೆಟ್ಟಿಲ ಮೇಲೆ ನಿಲ್ಲುವಂತಿಲ್ಲ. ಮೇಲಿನದನ್ನು ಸಣ್ಣದಾಗಿ ಬಿಡಿಸಿ ಬರೆಯಬೇಕು, ಕೆಳಗಿನದು ಒಂದು ಸಾಲಿದ್ದರೂ ನಡೆಯುತ್ತದೆ. ಆಗಾಗ ಕೂತು ಪಟ್ಟಿಯನ್ನು ಮತ್ತೆ ಹಿಂದುಮುಂದು ಮಾಡಬೇಕು. ಆ ಪಟ್ಟಿಗೆ ಒಬ್ಬರೇ ಹೊಣೆ, ಕಮಿಟಿಯಲ್ಲ.

ಇದೇನು ಹೊಸದು ಎಂದು ನಿಮಗೂ ಅನ್ನಿಸಬಹುದು. ಮನೆಯಲ್ಲಿ ಅಕ್ಕಿ ಮುಗಿದಾಗ ನಾವು ಬಳೆ ಕೊಳ್ಳುತ್ತೇವೆಯೇ? ಆದರೆ ಮನೆಯಲ್ಲಿ ತಿಳಿಯುವುದು ಸಂಘಕ್ಕೆ ಬಂದಾಗ ಯಾಕೋ ತಿಳಿಯುವುದಿಲ್ಲ, ದಾಕ್ಷಿಣ್ಯ ಅಡ್ಡ ಬರುತ್ತದೆ.

ಮರುದಿನ ಸಂಜೆ ಜಮಖಾನ ಹಾಸಿ ಕೂತೆವು. ಹಳೇ ಕ್ಯಾಲೆಂಡರ್ ಕತ್ತರಿಸಿ ಒಂದೊಂದು ಚೀಟಿಗೆ ಒಂದೊಂದು ವಿಚಾರ ಬರೆದೆವು. ಯಾರ ವಿಚಾರವೆಂದು ಹೆಸರು ಬರೆಯಬಾರದು ಎಂದು ನಾನೇ ಹಟ ಹಿಡಿದೆ. ಮಗಳ ಆಫೀಸಿನಲ್ಲಿ ಹೇಗೋ ಏನೋ, ನಮ್ಮಲ್ಲಿ ಚೀಟಿ ಕೆಳಗಿಟ್ಟರೆ ಮನುಷ್ಯಳನ್ನೇ ಕೆಳಗಿಟ್ಟ ಹಾಗೆ. ಹನ್ನೊಂದು ಚೀಟಿಗಳಾದವು. ಯಾವುದು ಮೊದಲು ಎಂದು ಗಲಾಟೆಯೋ ಗಲಾಟೆ. ಕೂಲಿ ಸಿಗದೆ ಹೋದವಳು ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಕಡೆಗೆ, "ವೈನಿ, ಯಾವುದರಾಗ ರೊಕ್ಕ ಲಗೂನ ತಿರುಗಿ ಬರತೈತಿ ಅದನ್ನ ಮ್ಯಾಲ ಇಡ್ರಿ. ನನ್ನ ಮಕ್ಕಳು ಆರು ತಿಂಗಳ ಕಾಯೂದಿಲ್ಲ" ಅಂದಳು. ಎಲ್ಲರೂ ಸುಮ್ಮನಾದೆವು. ಆಮೇಲೆ ಪಟ್ಟಿಯ ಹೊಣೆಯನ್ನು ಆಕೆಗೇ ಕೊಟ್ಟೆವು.

ಆಕೆ ಚೀಟಿ ಇಟ್ಟ ರೀತಿ ನೋಡಿ. ಎಲ್ಲಕ್ಕಿಂತ ಮೇಲೆ ಬಂದಿದ್ದು ಯಾರೂ ಬರೆಯದೇ ಇದ್ದ ಚೀಟಿ, ಆಹಾರ ಸುರಕ್ಷತೆಯ ನೋಂದಣಿ. ತಿನ್ನುವ ಪದಾರ್ಥ ಮಾರಲು 2006 ರ ಕಾಯಿದೆಯ ಪ್ರಕಾರ ಅದು ಬೇಕೇ ಬೇಕು, ಅದಿಲ್ಲದೆ ಮಿಕ್ಕಿದ್ದು ಯಾವುದೂ ಹೊರಡುವಂತಿಲ್ಲ. ನಂತರ ಖಡಕ್ ರೊಟ್ಟಿ. ಖಾನಾವಳಿಯವರು ಆಗಲೇ ಕೇಳುತ್ತಿದ್ದರು, ಕೆಡುವ ಭಯವೂ ಇಲ್ಲ. ಅದರ ಕೆಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಸಂಕ್ರಾಂತಿ ದಾಟಿದರೆ ಅದನ್ನು ಕೇಳುವವರಿಲ್ಲ. ಆಮೇಲೆ ಉಪ್ಪಿನಕಾಯಿ. ಆದರೆ ಆ ಚೀಟಿಯನ್ನು ಹರಿದು ಎರಡು ಮಾಡಿದಳು. ಬೇಸಿಗೆಯಲ್ಲಿ ಲಿಂಬೆಗೆ ಬೆಲೆ ಏರುತ್ತದೆ, ಅದಕ್ಕೆ ಮುಂಚೆ ಹತ್ತು ಕಿಲೋ ಹೆಚ್ಚಿ ಉಪ್ಪಿಗೆ ಹಾಕುವುದು ಈಗ, ಬಾಟಲಿ ತುಂಬಿ ಮಾರುವುದು ಕಾಯಿ ಮೆತ್ತಗಾಗಿ ಕಹಿ ಹೋದ ಮೇಲೆ. ಹೋಳಿಗೆ ಆರ್ಡರ್ ಬಂದರೆ ಮಾತ್ರ. ಮುದ್ದೇಬಿಹಾಳದ ಹುಡುಗಿಯ ಮುಖ ಸಣ್ಣದಾಯಿತು, ಎರಡು ವಾರ ಸಭೆಗೇ ಬರಲಿಲ್ಲ. ಹಬ್ಬಕ್ಕೆ ಐವತ್ತು ಹೋಳಿಗೆಯ ಆರ್ಡರ್ ಬಂದಾಗ ನಾನೇ ಹೋಗಿ ಕರೆತಂದೆ.

ಹದಿನೈದು ದಿನಕ್ಕೊಮ್ಮೆ ಚೀಟಿ ಹರಡಿ ಕೂಡುತ್ತೇವೆ. ಸಂಕ್ರಾಂತಿ ಮುಗಿದ ವಾರ ಆಕೆಯ ಹಳೇ ಕೂಲಿ ತೀರಿಸಿದೆವು. ಎಣಿಸಿಕೊಂಡು, "ಎರಡು ದಿನದ್ದು ಹೆಚ್ಚ ಕೊಟ್ಟೀರಿ" ಎಂದು ಅಷ್ಟನ್ನು ವಾಪಸು ಕೊಟ್ಟಳು.

ನನ್ನ ಕೌದಿಯೇ? ಹನ್ನೊಂದನೆಯದಾಗಿತ್ತು. ಮೊನ್ನೆ ಶಾಲೆಯ ಟೀಚರೊಬ್ಬರು ಮೊಮ್ಮಗನಿಗೆ ಸಣ್ಣದೊಂದು ಬೇಕೆಂದು ಕೇಳಿದ್ದಕ್ಕೆ ಏಳನೆಯದಕ್ಕೆ ಏರಿದೆ.